ಒಂದೇ ಕಣಿವೆಗೆ ಐದು ಪಿಎಚ್‌ಡಿ: ಕೊಡಗಿನ ಒಂದು ಪ್ರಕರಣ ಅಧ್ಯಯನ

2018ರ ಆಗಸ್ಟ್ ಮಳೆಗೆ ಮಡಿಕೇರಿ ತಾಲ್ಲೂಕಿನಲ್ಲಿ ಬರೆ, ಅಂದರೆ ಗುಡ್ಡದ ಕಡಿದಾದ ಇಳಿಜಾರು, ಕುಸಿದ ಕಣಿವೆಗಳಲ್ಲಿ ಇದೂ ಒಂದು. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿಯವರು ಬೇಡ ಎಂದಿದ್ದಾರೆ. ಮೇಲ್ಗಡೆ ಒಂದು ಹಳೆಯ ಕಾಫಿ ತೋಟ. ಅದರ ಅಂಚಿನಲ್ಲಿ ಲೈನ್ ಮನೆಗಳು, ಅಂದರೆ ತೋಟದ ಕೆಲಸದವರ ಸಾಲು ಮನೆಗಳು. ಸ್ವಲ್ಪ ಕೆಳಗೆ ಸಣ್ಣ ಬೆಳೆಗಾರರ ಮನೆಗಳು, ಅದಕ್ಕೂ ಕೆಳಗೆ ಗದ್ದೆ, ಗದ್ದೆಯಾಚೆ ತೊರೆ. ಆ ಮಳೆಯಲ್ಲಿ ಗದ್ದೆ ಪೂರ್ತಿ ಮುಚ್ಚಿಹೋಯಿತು. ಲೈನ್ ಮನೆಗಳಲ್ಲಿ ಒಂದು ಸಾಲು ಹಾಗೇ ಜಾರಿತು.

ನಂತರದ ವರ್ಷಗಳಲ್ಲಿ ಆ ಕಣಿವೆಗೆ ಐವರು ಸಂಶೋಧನಾ ವಿದ್ಯಾರ್ಥಿಗಳು ಬಂದರು. ಬೇರೆ ಬೇರೆ ವಿಶ್ವವಿದ್ಯಾಲಯ, ಬೇರೆ ಬೇರೆ ವಿಭಾಗ. ಒಬ್ಬರಿಗೊಬ್ಬರ ಪರಿಚಯ ಇರಲಿಲ್ಲ. ಐವರೂ ಹುಡುಕಿಕೊಂಡು ಬಂದದ್ದು ಒಬ್ಬರೇ ಅಜ್ಜಿಯನ್ನು. ಕಣಿವೆಯಲ್ಲಿ ಎಲ್ಲರಿಗಿಂತ ಹಿರಿಯರು ಅವರೇ. ಮಾತು ಚೆನ್ನಾಗಿ ಆಡುತ್ತಾರೆ, ಪಂಚಾಯಿತಿಯಲ್ಲಿ ಕೇಳಿದರೂ ಅವರ ಹೆಸರನ್ನೇ ಹೇಳುತ್ತಾರೆ. ಐದನೆಯವಳು ಗೇಟಿನ ಹತ್ತಿರ ಬಂದಾಗ ಅಜ್ಜಿಯ ಮಗ ಅಲ್ಲೇ ತಡೆದರು.

"ಸಾಕಮ್ಮಾ. ಬರುವವರೆಲ್ಲ ಹೆಸರೇನು, ವಯಸ್ಸೆಷ್ಟು, ಯಾವ ಜನ, ಎಷ್ಟು ಎಕರೆ ಹೋಯ್ತು ಅಂತ ಕೇಳ್ತೀರಿ. ನೀವು ಹೋದ ಮೇಲೆ ಅವರು ರಾತ್ರಿಯಿಡೀ ನಿದ್ದೆ ಮಾಡಲ್ಲ. ಬರೆದದ್ದನ್ನು ಒಬ್ಬರಾದರೂ ತಂದು ತೋರಿಸಿದ್ದೀರಾ?"

ಆ ಐದನೆಯವಳು ಪದವಿಯಲ್ಲಿ ನನ್ನ ವಿದ್ಯಾರ್ಥಿನಿ. ನಾನು ಕೊಡಗಿನ ಕಾಲೇಜುಗಳಲ್ಲಿ ಬಹಳ ವರ್ಷ ಪಾಠ ಮಾಡಿದವನು. ಅಜ್ಜಿಯ ಮಗನೂ ಗುರುತಿನವರು. ಇಬ್ಬರೂ ನನಗೆ ಫೋನ್ ಮಾಡಿದರು. ಉಳಿದ ನಾಲ್ವರು ಯಾರು ಎಂದು ವಿಚಾರಿಸಿದಾಗ ಅವರಲ್ಲೊಬ್ಬ ನನ್ನ ಇನ್ನೊಬ್ಬ ಹಳೆಯ ವಿದ್ಯಾರ್ಥಿ ಎಂದು ಗೊತ್ತಾಯಿತು. ಹೀಗೆ ಈ ಪ್ರಕರಣಕ್ಕೆ ನಾನು ಸೇರಿಕೊಂಡೆ.

ಇದನ್ನು ಬರೆಯಲು ಒಂದು ಕಾರಣವಿದೆ. ಪಿಎಚ್‌ಡಿ ಮಾಡುವವರ ಹಿನ್ನೆಲೆ ಎಂದರೆ ನಮ್ಮ ಅರ್ಜಿ ನಮೂನೆಗಳಿಗೆ ಗೊತ್ತಿರುವುದು ಅಂಕ, ವರ್ಗ, ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಪಾಸಾದ ವರ್ಷ. ಎಲ್ಲಿ ಬೆಳೆದರು, ಮನೆಯಲ್ಲಿ ಯಾವ ಕೆಲಸ ನೋಡಿ ಕಲಿತರು ಎಂಬುದು ಥೀಸಿಸ್‌ನ ಕೃತಜ್ಞತೆಯ ಪುಟದಲ್ಲಿ ಒಂದು ಸಾಲಾಗಿ ಬಂದರೆ ಅದೇ ಹೆಚ್ಚು. ಆದರೆ ಈ ಐವರ ಜೊತೆ ಕುಳಿತಾಗ ನನಗೆ ಒಂದು ವಿಷಯ ಗಟ್ಟಿಯಾಯಿತು. ಯಾವ ಅಂಕಿಯನ್ನು ನಂಬಬೇಕು, ಯಾವುದನ್ನು ಅನುಮಾನಿಸಬೇಕು ಎಂದು ಅವರಿಗೆ ಹೇಳಿಕೊಟ್ಟದ್ದು ಆ ಹಿನ್ನೆಲೆಯೇ.

ಐವರು

ಮೊದಲನೆಯವನು ಭೂವಿಜ್ಞಾನದವನು. ಚಳ್ಳಕೆರೆ ಕಡೆಯ ಹುಡುಗ. ಮನೆಯಲ್ಲಿ ಮಳೆ ನಂಬಿ ಶೇಂಗಾ ಬೆಳೆಯುತ್ತಾರೆ. ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧನಾ ಫೆಲೋಶಿಪ್, ಸಿಕ್ಕಿದೆ. 2023ರ ಜನವರಿಯಿಂದ ಅದು ತಿಂಗಳಿಗೆ 37,000 ರೂಪಾಯಿ ಆಗಿದೆ, ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) ಆದ ಮೇಲೆ 42,000. ಐವರಲ್ಲಿ ದುಡ್ಡಿನ ಚಿಂತೆ ಕಡಿಮೆ ಇದ್ದದ್ದು ಇವನಿಗೇ. ಎಷ್ಟು ದಿನದಲ್ಲಿ ಎಷ್ಟು ಮಳೆ ಬಿದ್ದರೆ ಗುಡ್ಡ ಜಾರುತ್ತದೆ ಎಂಬುದು ಇವನ ಪ್ರಶ್ನೆ. ಮಳೆಗಾಗಿ ಆಕಾಶ ನೋಡುವ ಊರಿನವನು ಈ ವಿಷಯ ಯಾಕೆ ಆರಿಸಿದ ಎಂದು ಕೇಳಿದೆ. "ಸರ್, ನಮ್ಮ ಮನೇಲಿ ದಿನಾ ಮಾತು ಅಂದ್ರೆ ಮಳೆದೇ. ಇಲ್ಲೂ ಅಷ್ಟೇ. ಅದಕ್ಕೇ ಇರಬೇಕು" ಎಂದ.

ಎರಡನೆಯವಳು ಅರಣ್ಯ ವಿಜ್ಞಾನದವಳು. ವಿರಾಜಪೇಟೆ ಕಡೆಯ ಕೊಡವ ಕುಟುಂಬ, ಸಾಕಷ್ಟು ದೊಡ್ಡ ತೋಟ. ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಓದಿದಳು. ಕಾಫಿ ತೋಟದ ನೆರಳಿನ ಮರಗಳು ಇವಳ ವಿಷಯ. ಕಾಡುಮರಗಳನ್ನು ತೆಗೆದು ಸಿಲ್ವರ್ ಓಕ್ ಹಾಕಿದ ಇಳಿಜಾರುಗಳಲ್ಲಿ ಮಣ್ಣಿನ ಹಿಡಿತ ಬದಲಾಗಿದೆಯೇ ಎಂದು ನೋಡುತ್ತಿದ್ದಾಳೆ.

ಮೂರನೆಯವರು ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕರು. ಸೋಮವಾರಪೇಟೆ ತಾಲ್ಲೂಕಿನ ಸಣ್ಣ ಬೆಳೆಗಾರರ ಮಗ. ವಯಸ್ಸು ನಲವತ್ತರ ಹತ್ತಿರ, ಇಬ್ಬರು ಮಕ್ಕಳು. ಪಿಎಚ್‌ಡಿ ಅರೆಕಾಲಿಕ, ಫೆಲೋಶಿಪ್ ಇಲ್ಲ. ಕಾಲೇಜಿನ ರಜೆಯಲ್ಲಿ ಕ್ಷೇತ್ರಕಾರ್ಯ ಮಾಡಬೇಕು, ಆದರೆ ರಜೆಯಲ್ಲಿ ಅತಿಥಿ ಉಪನ್ಯಾಸಕರಿಗೆ ಸಂಬಳವೂ ಇಲ್ಲ. ಕುಸಿತದ ನಂತರ ಸಣ್ಣ ಬೆಳೆಗಾರರ ಸಾಲ ಏನಾಯಿತು ಎಂಬುದು ಇವರ ಅಧ್ಯಯನ.

ನಾಲ್ಕನೆಯವನು ಕನ್ನಡ ವಿಭಾಗದವನು. ಭಾಗಮಂಡಲ ಕಡೆಯವನು, ಮನೆಮಾತು ಅರೆಭಾಷೆ. ಮೊದಲು ಆಧುನಿಕ ಕಾವ್ಯದ ಮೇಲೆ ವಿಷಯ ತೆಗೆದುಕೊಂಡಿದ್ದ. ಇದೇ ಕಣಿವೆಯಲ್ಲಿ ಅವನ ಅತ್ತೆಯ ಗದ್ದೆ ಮುಚ್ಚಿಹೋಯಿತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬಳಿ ಬೆಟ್ಟ ಕುಸಿದು ಅರ್ಚಕರ ಮನೆಯೇ ಕೊಚ್ಚಿಹೋದ ಮೇಲೆ ಅವನು ಗೈಡನ್ನು ಒಪ್ಪಿಸಿ ವಿಷಯ ಬದಲಿಸಿದ. ಬೆಟ್ಟ, ನೀರು, ತೊರೆಗಳ ಬಗ್ಗೆ ಹಿರಿಯರ ನೆನಪುಗಳನ್ನು ಸಂಗ್ರಹಿಸುತ್ತಿದ್ದಾನೆ.

ಐದನೆಯವಳು ಸಮಾಜಶಾಸ್ತ್ರದವಳು. ಯರವ ಸಮುದಾಯದ ಹುಡುಗಿ. ದಕ್ಷಿಣ ಕೊಡಗಿನ ಒಂದು ತೋಟದ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವಳು. ಮನೆತನದಲ್ಲಿ ಪಿಯುಸಿ ದಾಟಿದವಳು ಇವಳೇ ಮೊದಲು. ಪರಿಶಿಷ್ಟ ಪಂಗಡದವರಿಗೆ ಇಡೀ ದೇಶಕ್ಕೆ ವರ್ಷಕ್ಕೆ 750 ರಾಷ್ಟ್ರೀಯ ಫೆಲೋಶಿಪ್‌ಗಳಿವೆ, ಅದರಲ್ಲೊಂದು ಇವಳಿಗೆ ಬಂತು. ಲೈನ್ ಮನೆಗಳಲ್ಲಿ ಇದ್ದವರು 2018ರ ನಂತರ ಎಲ್ಲಿ ಹೋದರು, ಹೇಗೆ ಬದುಕಿದರು ಎಂಬುದು ಇವಳ ವಿಷಯ.

ಉನ್ನತ ಶಿಕ್ಷಣದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಪಿಎಚ್‌ಡಿಗೆ ಸೇರಿದವರು 2014-15ರಲ್ಲಿ 1.17 ಲಕ್ಷ ಇದ್ದದ್ದು 2021-22ಕ್ಕೆ 2.12 ಲಕ್ಷ ಆಯಿತು. ಅವರಲ್ಲಿ ಹೆಂಗಸರು 0.48 ಲಕ್ಷದಿಂದ 0.99 ಲಕ್ಷಕ್ಕೆ ಏರಿದರು. ತುಂಬ ಸಂತೋಷದ ಸಂಗತಿ. ಈ ಐವರೂ ಆ ಏರಿಕೆಯ ಒಳಗಿದ್ದಾರೆ. ಮೂವತ್ತು ವರ್ಷದ ಹಿಂದೆ ಈ ಐವರಲ್ಲಿ ಕನಿಷ್ಠ ಮೂವರು ಇಲ್ಲಿಗೆ ಬರುತ್ತಿರಲಿಲ್ಲ ಎಂದು ಪಾಠ ಮಾಡಿದ ಅನುಭವದಿಂದ ಹೇಳಬಲ್ಲೆ. ಬೇರೆ ಬೇರೆ ಮನೆಗಳಿಂದ ಜನ ಬಂದರು, ಸರಿ. ಬಂದ ಮೇಲೆ ಆ ಮನೆಗಳ ಅರಿವಿಗೆ ಸಂಶೋಧನೆಯಲ್ಲಿ ಜಾಗ ಸಿಕ್ಕಿತೇ?

ಮಳೆ ಪುಸ್ತಕ

2023ರ ಮಳೆಗಾಲ ಮುಗಿದ ಮೇಲೆ ಐವರನ್ನೂ ಮಡಿಕೇರಿಗೆ ಕರೆಸಿದೆ. ಪ್ರಶ್ನಾವಳಿಗಳನ್ನು ತನ್ನಿ ಎಂದಿದ್ದೆ. ಮೇಜಿನ ಮೇಲೆ ಐದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮೊದಲ ಪುಟ ಹೆಚ್ಚೂಕಡಿಮೆ ಒಂದೇ. ಹೆಸರು, ವಯಸ್ಸು, ಜಾತಿ, ಜಮೀನು, ನಷ್ಟ. ಒಬ್ಬರು ಕೇಳಿ ಉಳಿದವರಿಗೆ ಕೊಟ್ಟಿದ್ದರೆ ಸಾಕಿತ್ತು. ಅಜ್ಜಿಯ ಮಗನ ಕೋಪ ನ್ಯಾಯವಾದದ್ದು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಭೂವಿಜ್ಞಾನದ ಹುಡುಗ ತನ್ನ ಕೆಲಸ ವಿವರಿಸಿದ. ಕೊಡಗಿನ ಬೆಟ್ಟಗಳಲ್ಲಿ ಕೆಳಗೆ ಗಟ್ಟಿ ಕಲ್ಲು, ಮೇಲೆ ಕಲ್ಲು ಕರಗಿ ಆದ ದಪ್ಪ ಮಣ್ಣು. ದಿನಗಟ್ಟಲೆ ಮಳೆ ಹಿಡಿದರೆ ನೀರು ಮಣ್ಣಿಗೆ ಇಳಿದು ಆ ಎರಡರ ನಡುವೆ ಒತ್ತಡ ಕಟ್ಟುತ್ತದೆ. ಬುಡವನ್ನು ರಸ್ತೆಗೋ ಮನೆಗೋ ಕಡಿದಿದ್ದರೆ ಇಡೀ ಬರೆ ಜಾರುತ್ತದೆ. ಹಾಗಾಗಿ ಆ ದಿನದ ಮಳೆ ಮಾತ್ರ ಸಾಲದು, ಹಿಂದಿನ ಹದಿನೈದು ದಿನದ ಲೆಕ್ಕವೂ ಬೇಕು. ಆದರೆ ಅವನ ಹತ್ತಿರ ಇದ್ದದ್ದು ದೂರದ ಮಾಪನ ಕೇಂದ್ರದ ಅಂಕಿ. ಕೊಡಗಿನಲ್ಲಿ ಒಂದು ಬೆಟ್ಟದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮಳೆ ಬೇರೆಯಾಗಿರುತ್ತದೆ. ಅದು ಅವನಿಗೂ ಗೊತ್ತಿತ್ತು. ಬೇರೆ ದಾರಿ ಇರಲಿಲ್ಲ.

"ತೋಟದ ಮಳೆ ಪುಸ್ತಕ ನೋಡಿಲ್ವಾ?" ಎಂದಳು ಅರಣ್ಯದವಳು.

ಅವನಿಗೆ ಅಂಥದ್ದೊಂದು ಇದೆ ಎಂದೇ ಗೊತ್ತಿರಲಿಲ್ಲ. ಕೊಡಗಿನವರಿಗೆ ಇದು ಹೇಳಬೇಕಾದ ಮಾತೇ ಅಲ್ಲ. ಹಳೆಯ ತೋಟಗಳಲ್ಲಿ ಬೆಳಿಗ್ಗೆ ಮಳೆ ಅಳೆದು ಪುಸ್ತಕದಲ್ಲಿ ಬರೆಯುವುದು ತಲೆಮಾರುಗಳಿಂದ ನಡೆದುಬಂದಿದೆ. ಇಂಚು ಮತ್ತು ಸೆಂಟಿನಲ್ಲಿ ಲೆಕ್ಕ, ನೂರು ಸೆಂಟಿಗೆ ಒಂದು ಇಂಚು. ಮಾರ್ಚ್ ಏಪ್ರಿಲ್‌ನ ಹೂ ಮಳೆ ಎಷ್ಟು ಸೆಂಟ್ ಬಿತ್ತು ಎಂಬುದರ ಮೇಲೆ ಇಡೀ ವರ್ಷದ ಫಸಲು ನಿಂತಿರುತ್ತದೆ. ಹಾಗಾಗಿ ಅದನ್ನು ಯಾರೂ ಅಲಕ್ಷ್ಯ ಮಾಡುವುದಿಲ್ಲ. ಇವಳ ಮನೆಯಲ್ಲೂ ಆ ಪುಸ್ತಕ ಇದೆ. ಈ ಕಣಿವೆಯ ತೋಟದ ಮಾಲೀಕರು ಅವಳ ಮಾವನಿಗೆ ಪರಿಚಯ. ಒಂದು ಫೋನಿನಲ್ಲಿ ಕೆಲಸ ಆಯಿತು. ಅದೇ ತೋಟದ ಕಚೇರಿಗೆ ಈ ಹುಡುಗ ಮೊದಲು ಹೋಗಿದ್ದಾಗ ರೈಟರ್ (ತೋಟದ ಗುಮಾಸ್ತ) ಮರ್ಯಾದೆಯಿಂದಲೇ ಮಾತಾಡಿಸಿ ಕಳಿಸಿಬಿಟ್ಟಿದ್ದರು. ಯಾರ ಮನೆಯವರು ಎನ್ನುವುದರ ಮೇಲೆ ಯಾವ ಬಾಗಿಲು ತೆರೆಯುತ್ತದೆ ಎಂಬುದು ಸಂಶೋಧನಾ ವಿಧಾನದ ಪುಸ್ತಕಗಳಲ್ಲಿ ಬರುವುದು ಕಡಿಮೆ.

ಪುಸ್ತಕ ಬಂತು. ಎಷ್ಟೋ ವರ್ಷಗಳ ದಾಖಲೆ. ಹುಡುಗನ ಮುಖ ಅರಳಿತು. ಆಗಸ್ಟ್ 2018ರ ಪುಟ ತೆಗೆದು ಅಂಕಿಗಳನ್ನು ಲ್ಯಾಪ್‌ಟಾಪಿಗೆ ಏರಿಸಲು ಕುಳಿತ.

ಸಮಾಜಶಾಸ್ತ್ರದ ಹುಡುಗಿ ಅಲ್ಲಿಯವರೆಗೆ ಸುಮ್ಮನಿದ್ದಳು. ಆ ಪುಟವನ್ನು ಸ್ವಲ್ಪ ಹೊತ್ತು ನೋಡಿ "ಆ ದಿನಗಳಲ್ಲಿ ಅಳೆದವರು ಯಾರು?" ಎಂದು ಕೇಳಿದಳು.

ಯಾಕೆ ಎಂದು ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಹುಟ್ಟಿದ ತೋಟದಲ್ಲಿ ಬೆಳಿಗ್ಗೆ ಬಂಗಲೆಯ ಹಿಂದೆ ಹೋಗಿ ಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು ರೈಟರಿಗೆ ಹೇಳುತ್ತಿದ್ದದ್ದು ಅವಳ ತಾಯಿ. ಬರೆಯುವವರು ರೈಟರ್, ಅಳೆಯುವವರು ಲೈನಿನವರು. ಜೋರು ಮಳೆಯ ರಾತ್ರಿ ಮಾಪಕದ ಬಾಟಲಿ ತುಂಬಿ ಹೊರಗೆ ಚೆಲ್ಲುವುದು ಅವಳು ಚಿಕ್ಕಂದಿನಲ್ಲೇ ಕಂಡದ್ದು. ತುಂಬಿದ ಮೇಲೆ ಬಿದ್ದ ಮಳೆಗೆ ಲೆಕ್ಕವಿಲ್ಲ. "ಇಲ್ಲಿ ನೋಡಿ, ಉಳಿದ ದಿನ ಎಲ್ಲ ಸೆಂಟಿನ ತನಕ ಬರೆದಿದ್ದಾರೆ. ಈ ಮೂರು ದಿನ ಮಾತ್ರ ಬರೀ ಇಂಚು. ಶಾಯಿಯೂ ಒಂದೇ ತರ ಇದೆ" ಎಂದಳು.

ಆಗ ರೈಟರ್ ಆಗಿದ್ದವರು ಈಗ ಕುಶಾಲನಗರದಲ್ಲಿದ್ದಾರೆ. ಅವರನ್ನು ಹುಡುಕಿ ಕೇಳಿದರು. ಅವರು ಏನನ್ನೂ ಮುಚ್ಚಿಡಲಿಲ್ಲ. ಮೊದಲ ದಿನ ಮಾಪಕ ತುಂಬಿ ಹರಿದಿತ್ತು. ಮರುದಿನ ಲೈನ್ ಖಾಲಿ ಮಾಡಿಸಿದರು, ಅಳೆಯಲು ಯಾರೂ ಇರಲಿಲ್ಲ. ಪರಿಹಾರ ಕೇಂದ್ರದಿಂದ ವಾಪಸ್ ಬಂದ ಮೇಲೆ ಪುಸ್ತಕ ಖಾಲಿ ಬಿಡಬಾರದು ಎಂದು ಅಂದಾಜಿನಲ್ಲಿ ಬರೆದರು.

ಅಂದರೆ ಬೇಕಾದ ಮೂರು ದಿನದ ಅಂಕಿಯೇ ಅಂದಾಜು. ಅದನ್ನು ಹಾಗೇ ಥೀಸಿಸ್‌ಗೆ ಹಾಕಿದ್ದರೆ "ಇಷ್ಟು ಮಳೆಗೆ ಈ ಗುಡ್ಡ ಜಾರುತ್ತದೆ" ಎಂಬ ಅವನ ಲೆಕ್ಕ ನಿಜಕ್ಕಿಂತ ಕಡಿಮೆಯೋ ಜಾಸ್ತಿಯೋ ಆಗುತ್ತಿತ್ತು. ಈಗ ಅವನು ಆ ಮೂರು ದಿನವನ್ನು ಬೇರೆಯಾಗಿ ಇಟ್ಟು, ಹಿಂದಿನ ದಿನಗಳ ನಂಬಬಹುದಾದ ಅಳತೆಯನ್ನು ಮಾತ್ರ ಬಳಸುತ್ತಿದ್ದಾನೆ. ಗುಡ್ಡ ಯಾವ ಹೊತ್ತಿಗೆ ಬಿತ್ತು ಎಂಬುದಕ್ಕೆ ಲೈನಿನ ಹೆಂಗಸರ ಮಾತನ್ನು ಆಧಾರ ಮಾಡಿಕೊಂಡಿದ್ದಾನೆ. ಕರೆಂಟ್ ಹೋದದ್ದು ಯಾವಾಗ, ದನ ಕೂಗಿದ್ದು ಯಾವಾಗ, ಮಕ್ಕಳನ್ನು ಎತ್ತಿಕೊಂಡು ಓಡಿದ್ದು ಯಾವಾಗ ಎಂದು ಅವರು ಒಬ್ಬೊಬ್ಬರಾಗಿ ಹೇಳಿದ್ದು ಒಂದಕ್ಕೊಂದು ತಾಳೆಯಾಯಿತು.

ಈ ಒಂದು ಪುಟಕ್ಕೆ ಮೂರು ಮನೆಗಳ ಅರಿವು ಬೇಕಾಯಿತು. ಆ ಪುಸ್ತಕ ಯಾಕೆ ಮುಖ್ಯ ಎಂದು ಶೇಂಗಾ ಬೆಳೆಯುವ ಮನೆಯವನಿಗೆ ಗೊತ್ತಿತ್ತು. ಅದು ಎಲ್ಲಿದೆ ಎಂದು ತೋಟದ ಮನೆಯವಳಿಗೆ ಗೊತ್ತಿತ್ತು. ಅದರಲ್ಲಿ ಯಾವ ಸಾಲನ್ನು ನಂಬಬಾರದು ಎಂದು ಲೈನ್ ಮನೆಯವಳಿಗೆ ಗೊತ್ತಿತ್ತು. ಮೂವರ ಕೋರ್ಸ್‌ವರ್ಕ್‌ನಲ್ಲೂ ಇದು ಇರಲಿಲ್ಲ.

ಮನೆಯ ಮಾತು, ಪ್ರಬಂಧದ ಮಾತು

ಅರಣ್ಯದವಳ ವಿಷಯಕ್ಕೆ ಬರೋಣ. ಬೆಳೆಗಾರರು ಸಿಲ್ವರ್ ಓಕ್ ಯಾಕೆ ಹಾಕುತ್ತಾರೆ ಎಂಬುದಕ್ಕೆ ಅವಳ ಸಿನಾಪ್ಸಿಸ್‌ನಲ್ಲಿ (ಸಂಶೋಧನೆಯ ಪೂರ್ವಯೋಜನೆಯಲ್ಲಿ) ಎರಡು ಕಾರಣ ಇತ್ತು. ಬೇಗ ಬೆಳೆಯುತ್ತದೆ, ಕಾಳುಮೆಣಸಿನ ಬಳ್ಳಿ ಹಬ್ಬಿಸಲು ನೇರವಾಗಿರುತ್ತದೆ. ಎರಡೂ ನಿಜ. ಆದರೆ ಕೊಡಗಿನಲ್ಲಿ ಯಾರನ್ನು ಕೇಳಿದರೂ ಮೂರನೆಯದೊಂದನ್ನು ಮೊದಲು ಹೇಳುತ್ತಾರೆ. ಕಾಡುಮರ ಕಡಿಯಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಜಮ್ಮಾ ಬಾಣೆಯಾದರೆ (ಕೊಡಗಿನ ವಂಶಪಾರಂಪರ್ಯ ಹಿಡುವಳಿಯ ಜಮೀನು) ಮರದ ಹಕ್ಕು ಯಾರದು ಎಂಬ ಹಳೆಯ ಗೋಜಲು ಬೇರೆ. ಸಿಲ್ವರ್ ಓಕ್‌ಗೆ ಆ ತಾಪತ್ರಯ ಇಲ್ಲ. ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ಬೇಕಾದಾಗ ಕಡಿದು ಮಾರಬಹುದು.

"ಇದು ನಿನಗೆ ಗೊತ್ತಿರಲಿಲ್ವಾ?" ಎಂದೆ. "ಗೊತ್ತಿತ್ತು ಸರ್. ಊಟದ ಹೊತ್ತಿಗೆ ದಿನಾ ಅಪ್ಪ, ದೊಡ್ಡಪ್ಪ ಮಾತಾಡೋದೇ ಅದು. ಆದರೆ ಅದು ಮನೆ ಮಾತು, ವಿಜ್ಞಾನ ಅಲ್ಲ ಅನ್ನಿಸಿ ಬಿಟ್ಟೆ" ಎಂದಳು. ಮರ ಬದಲಾದದ್ದಕ್ಕೆ ಕಾನೂನು ಕಾರಣವಾದರೆ, ಮಣ್ಣಿನ ಹಿಡಿತದ ಅಧ್ಯಯನದಲ್ಲಿ ಕಾನೂನಿನ ಮಾತೂ ಬರಲೇಬೇಕು. ಈಗ ಅವಳು ಅದಕ್ಕೆ ಒಂದು ಅಧ್ಯಾಯ ಸೇರಿಸಿದ್ದಾಳೆ. ಅರ್ಥಶಾಸ್ತ್ರದವರು ಅದರಲ್ಲಿ ಸಹಾಯ ಮಾಡಿದರು.

ಅರ್ಥಶಾಸ್ತ್ರದವರ ತೊಡಕು ಬೇರೆ. ಅವರು ಪಹಣಿ ನೋಡಿ ಬೆಳೆಗಾರರ ಪಟ್ಟಿ ಮಾಡಿದ್ದರು. ಕೊಡಗಿನಲ್ಲಿ ಎಷ್ಟೋ ಪಹಣಿಗಳು ಇನ್ನೂ ತೀರಿಹೋದ ಹಿರಿಯರ ಹೆಸರಿನಲ್ಲಿವೆ, ಅಥವಾ ಕುಟುಂಬದ ಯಜಮಾನರಾದ ಪಟ್ಟೇದಾರರ ಹೆಸರಿನಲ್ಲಿ. ಒಂದು ಹೆಸರಿನ ಹಿಂದೆ ನಾಲ್ಕು ಒಲೆ ಇರಬಹುದು. ತಮ್ಮ ಮನೆಯಲ್ಲೂ ಹಾಗೇ ಇದ್ದದ್ದರಿಂದ ಇದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಪ್ರತಿ ಹೆಸರಿನ ಹಿಂದೆ ಹೋಗಿ ಒಲೆಗಳನ್ನು ಎಣಿಸಿದ್ದರು. ಇದು ದೊಡ್ಡ ಕೆಲಸ. ಸಂಬಳವಿಲ್ಲದ ತಿಂಗಳುಗಳಲ್ಲಿ ಬಸ್ಸಿನಲ್ಲಿ ಓಡಾಡಿ ಮಾಡಿದ್ದು ಎಂದು ನೆನೆದರೆ ನನಗೆ ಗೌರವ ಹೆಚ್ಚಾಗುತ್ತದೆ. ಆದರೆ "ಕಣಿವೆಯಲ್ಲಿ ನಷ್ಟವಾದ ಕುಟುಂಬಗಳು" ಎಂಬ ಅವರ ಕೋಷ್ಟಕದಲ್ಲಿ ಲೈನ್ ಮನೆಯವರು ಒಬ್ಬರೂ ಇರಲಿಲ್ಲ. ಜಮೀನಿಲ್ಲ, ಹಾಗಾಗಿ ಪಹಣಿಯಿಲ್ಲ, ಹಾಗಾಗಿ ಪಟ್ಟಿಯಲ್ಲಿಲ್ಲ. ಅವರಿಗೂ ಸಾಲ ಇತ್ತು. ಸಂಘದ ಸಾಲ, ತೋಟದಿಂದ ಪಡೆದ ಮುಂಗಡ, ಅಂಗಡಿಯ ಬಾಕಿ. ಸಮಾಜಶಾಸ್ತ್ರದವಳು ಇದನ್ನು ತೋರಿಸಿದಾಗ ಅವರು ಕೋಷ್ಟಕದ ಶೀರ್ಷಿಕೆಯನ್ನು "ಜಮೀನಿರುವ ಕುಟುಂಬಗಳು" ಎಂದು ತಿದ್ದಿದರು. ಲೈನಿನ ಸಾಲದ ಮೇಲೆ ಇಬ್ಬರೂ ಸೇರಿ ಒಂದು ಲೇಖನ ಬರೆಯುತ್ತಿದ್ದಾರೆ.

ಕನ್ನಡ ವಿಭಾಗದವನ ಸಂಗ್ರಹದಲ್ಲಿ ಹಿರಿಯರು ಹೇಳಿದ ಒಂದು ಮಾತು ಎಲ್ಲರಿಗೂ ಉಪಯೋಗಕ್ಕೆ ಬಂತು. ತೋಟದ ಕೆಳಗಿನ ತಟ್ಟಿನಲ್ಲಿ ಹಿಂದೆ ಮಳೆಗಾಲದಲ್ಲಿ ಮಾತ್ರ ಹರಿಯುವ ಒಂದು ತೋಡು ಇತ್ತು. ಅದನ್ನು ಮಣ್ಣು ಹಾಕಿ ಸಮ ಮಾಡಿದರು. 2018ರಲ್ಲಿ ನೀರು ಹುಡುಕಿಕೊಂಡು ಬಂದದ್ದು ಅದೇ ದಾರಿಯನ್ನು. ಭೂವಿಜ್ಞಾನದವನ ಉಪಗ್ರಹ ಚಿತ್ರದಲ್ಲಿ ಆ ತೋಡು ಇಲ್ಲ, ಯಾಕೆಂದರೆ ಚಿತ್ರ ತೆಗೆಯುವ ಮೊದಲೇ ಅದು ಮುಚ್ಚಿತ್ತು.

ಯಾರ ಹಿನ್ನೆಲೆ ಪಕ್ಷಪಾತ?

ನಾನು ಹೆಚ್ಚು ಹೇಳಬೇಕಾದದ್ದು ಇಲ್ಲಿದೆ.

ಸಮಾಜಶಾಸ್ತ್ರದ ಹುಡುಗಿ ಸಿನಾಪ್ಸಿಸ್ ಮಂಡಿಸಿದಾಗ ಸಮಿತಿಯಲ್ಲಿ ಬಂದ ಮೊದಲ ಪ್ರಶ್ನೆ ಹೀಗಿತ್ತು: "ನಿಮ್ಮವರ ಬಗ್ಗೆ ನೀವೇ ಬರೆದರೆ ವಸ್ತುನಿಷ್ಠತೆ ಎಲ್ಲಿಂದ ಬರುತ್ತದೆ?" ಬೇರೆ ಸಮುದಾಯ, ಬೇರೆ ಜಿಲ್ಲೆ ಆರಿಸಿಕೊಳ್ಳಿ ಎಂಬ ಸಲಹೆಯೂ ಬಂತು. ಅವಳು ಒಪ್ಪಲಿಲ್ಲ. ಒಂದು ರಾಜಿಯಾಯಿತು. ಉತ್ತರ ಕೊಡಗಿನ ಕಣಿವೆಯಾಗಬಹುದು, ಅಲ್ಲಿನ ಲೈನುಗಳಲ್ಲಿ ತಮಿಳು, ಮಲಯಾಳ ಮಾತಾಡುವವರು, ಬಯಲಿನಿಂದ ಬಂದವರು ಜಾಸ್ತಿ, ಹಾಗಾಗಿ "ದೂರ" ಇರುತ್ತದೆ ಎಂದರು.

ನಮ್ಮ ಮೇಜಿನ ಸುತ್ತ ಇದನ್ನು ಹೇಳಿದಾಗ ಅರಣ್ಯದವಳು ತಲೆ ತಗ್ಗಿಸಿದಳು. ಅವಳ ಮಾದರಿ ತೋಟಗಳಲ್ಲಿ ಒಂದು ಅವಳ ಸ್ವಂತ ಮನೆಯದು, ಇನ್ನೊಂದು ನೆಂಟರದು. ಅವಳ ಸಮಿತಿ ಅದನ್ನು ಅನುಕೂಲ ಎಂದು ಬರೆದುಕೊಂಡಿತು. ಸ್ಥಳೀಯ ಸಂಪರ್ಕ ಚೆನ್ನಾಗಿದೆ ಎಂದು ಹೊಗಳಿತು. ಅವಳನ್ನು ಯಾರೂ ವಸ್ತುನಿಷ್ಠತೆಯ ಬಗ್ಗೆ ಕೇಳಲಿಲ್ಲ.

ಇಬ್ಬರೂ ಒಳ್ಳೆಯ ಹುಡುಗಿಯರು, ಇಬ್ಬರೂ ಶ್ರದ್ಧೆಯಿಂದ ಕೆಲಸ ಮಾಡುವವರು. ಇದರಲ್ಲಿ ಅವರಿಬ್ಬರ ತಪ್ಪು ಏನೂ ಇಲ್ಲ. ಆದರೆ ಮಾಲೀಕರ ಮನೆಯಿಂದ ಬಂದರೆ ಹಿನ್ನೆಲೆ ಬಂಡವಾಳ, ಕೆಲಸದವರ ಮನೆಯಿಂದ ಬಂದರೆ ಅದೇ ಹಿನ್ನೆಲೆ ಅನುಮಾನ. ಇದು ಸರಿಯಲ್ಲ. ಇಬ್ಬರನ್ನೂ ಕೇಳಬೇಕು, ಇಲ್ಲವೇ ಇಬ್ಬರನ್ನೂ ಬಿಡಬೇಕು. ನನ್ನ ಅಭಿಪ್ರಾಯದಲ್ಲಿ ಇಬ್ಬರನ್ನೂ ಕೇಳುವುದೇ ಒಳ್ಳೆಯದು. ನೀವು ಎಲ್ಲಿ ನಿಂತು ನೋಡುತ್ತಿದ್ದೀರಿ, ಅಲ್ಲಿಂದ ಏನು ಕಾಣುತ್ತದೆ, ಏನು ಕಾಣುವುದಿಲ್ಲ? ಭೂವಿಜ್ಞಾನದವನನ್ನೂ ಕೇಳಬೇಕು.

ಒಳಗಿನವಳಾದ್ದರಿಂದ ಅವಳಿಗೆ ಎಲ್ಲ ಸುಲಭವಾಯಿತು ಎಂದೂ ಅಲ್ಲ. ಲೈನಿಗೆ ಹೋದರೆ "ನಿನಗೆ ಗೊತ್ತಿರೋದೇ ಅಲ್ವಾ, ಯಾಕೆ ಕೇಳ್ತೀಯ?" ಎನ್ನುತ್ತಾರೆ. ಟೇಪ್ ಹಾಕಿದರೆ ನಗುತ್ತಾರೆ. ಮಾಲೀಕರನ್ನು ಮಾತಾಡಿಸಲು ಹೋದರೆ ಅವರು ಉತ್ತರವನ್ನು ಇವಳಿಗೆ ಹೇಳುವುದಿಲ್ಲ, ಜೊತೆಗೆ ಹೋದವರ ಮುಖ ನೋಡಿ ಹೇಳುತ್ತಾರೆ. ಒಂದು ಮನೆಯಲ್ಲಿ ಜಗಲಿಯ ಮೆಟ್ಟಿಲ ಕೆಳಗೆ ನಿಲ್ಲಿಸಿಯೇ ಮಾತಾಡಿದರು. ಅವಳು ನಿಂತೇ ಬರೆದುಕೊಂಡು ಬಂದಳು. ಆ ಬಗ್ಗೆ ಅವಳು ನಮ್ಮ ಮುಂದೆ ಒಂದೇ ಮಾತು ಹೇಳಿದ್ದು: "ಆ ಮೆಟ್ಟಿಲೂ ನನ್ನ ಡೇಟಾ ಸರ್." ಅದು ಈಗ ಅವಳ ಥೀಸಿಸ್‌ನಲ್ಲಿದೆ. ಗೈಡ್ ಮೊದಲು ತೆಗೆಯಿರಿ ಎಂದವರು ಎರಡನೆಯ ಸಲ ಓದಿ ಇರಲಿ ಎಂದರು. ಗೈಡ್ ಕೆಟ್ಟವರಲ್ಲ. ಅವರಿಗೂ ಅದನ್ನು ಹೇಗೆ ಓದಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ನಿಯಮಗಳ ಬಗ್ಗೆ ಒಂದು ಮಾತು. 2022ರ ನವೆಂಬರ್‌ನಲ್ಲಿ ಬಂದ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ಪಿಎಚ್‌ಡಿ ನಿಯಮಗಳಲ್ಲಿ ಕನಿಷ್ಠ 12 ಕ್ರೆಡಿಟ್ ಕೋರ್ಸ್‌ವರ್ಕ್ ಇದೆ. ಸಂಶೋಧನಾ ನೀತಿಯ ಪಾಠವೂ ಕಡ್ಡಾಯ. ಅದರಲ್ಲಿ ಹೆಚ್ಚಿನ ಭಾಗ ಪ್ರಕಟಣೆ, ಕೃತಿಚೌರ್ಯ, ನಕಲು ಪತ್ರಿಕೆಗಳ ಬಗ್ಗೆ. ಅದು ಬೇಕಾದದ್ದೇ. ಶೇಕಡಾ 10ಕ್ಕಿಂತ ಜಾಸ್ತಿ ಹೋಲಿಕೆ ಬಂದರೆ ಥೀಸಿಸ್ ವಾಪಸ್ ಬರುತ್ತದೆ ಎಂದು ಐವರಿಗೂ ಬಾಯಿಪಾಠ. ಒಬ್ಬ ಅಜ್ಜಿಯನ್ನು ಐದು ಸಲ ಅಳುವಂತೆ ಮಾಡಬಾರದು ಎಂಬುದು ಯಾವ ಪಾಠದಲ್ಲೂ ಬರಲಿಲ್ಲ.

ಇದೇ ನಿಯಮಗಳಲ್ಲಿ ಮೆಚ್ಚಬೇಕಾದದ್ದೂ ಇದೆ. ಆರು ವರ್ಷದ ಮೇಲೆ ಎರಡು ವರ್ಷ ಮರುನೋಂದಣಿ ಸಿಗುತ್ತದೆ, ಹೆಂಗಸರಿಗೆ ಇನ್ನೂ ಎರಡು ವರ್ಷ. ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನದವರೆಗೆ ರಜೆ ಇದೆ. ಅರಣ್ಯದವಳಿಗೆ ಈ ನಡುವೆ ಮಗುವಾಯಿತು, ಅದರಿಂದ ಅವಳಿಗೆ ಉಸಿರು ಬಂತು.

ಮನೆಯವರ ಷರತ್ತು

ಅಜ್ಜಿಯ ಮಗನ ಹತ್ತಿರ ಐವರೂ ಒಟ್ಟಿಗೆ ಹೋದರು. ಅವರು ಬಾಗಿಲು ಮುಚ್ಚಲಿಲ್ಲ, ಷರತ್ತು ಹಾಕಿದರು. ಇನ್ನು ಮೇಲೆ ಯಾರೂ ಒಬ್ಬೊಬ್ಬರೇ ಬರಬಾರದು. ಅಮ್ಮನಿಗೆ ಬೇಡ ಅನ್ನಿಸಿದ ದಿನ ಕೇಳಬಾರದು. ಈಗಾಗಲೇ ಹೇಳಿದ್ದನ್ನು ಮತ್ತೆ ಕೇಳಬಾರದು, ನಿಮ್ಮ ನಿಮ್ಮಲ್ಲೇ ಹಂಚಿಕೊಳ್ಳಿ. ಬರೆದದ್ದನ್ನು ಮಳೆಗೆ ಮುಂಚೆ ಊರಿನವರ ಮುಂದೆ ಕನ್ನಡದಲ್ಲಿ ಓದಬೇಕು.

ಹಂಚಿಕೊಳ್ಳುವುದು ಅಷ್ಟು ಸುಲಭವಲ್ಲ. ಒಬ್ಬರಿಗೆ ನಂಬಿ ಹೇಳಿದ್ದನ್ನು ಇನ್ನೊಬ್ಬರಿಗೆ ಕೊಡಬಹುದೇ? ಹಾಗಾಗಿ ಮನೆಮನೆಗೆ ಹೋಗಿ ಒಪ್ಪಿಗೆ ಕೇಳಿದರು. ಕೆಲವರು ಬೇಡ ಎಂದರು, ಅವರ ಮಾತನ್ನು ಸೇರಿಸಲಿಲ್ಲ. ಉಳಿದವರದ್ದು ಒಂದೇ ಕಡತವಾಯಿತು. ಅದು ಈಗ ಐವರ ಹತ್ತಿರವೂ ಇದೆ, ಊರಿನಲ್ಲೂ ಒಂದು ಪ್ರತಿ ಇದೆ.

ಮೇ ತಿಂಗಳಲ್ಲಿ ಸಮುದಾಯ ಭವನದಲ್ಲಿ ಓದಿದರು. ಕಾಫಿ ಕೊಯ್ಲು ಮುಗಿದಿತ್ತು, ಜನ ಬಂದರು. ಅರ್ಥಶಾಸ್ತ್ರದವರು ಚೆನ್ನಾಗಿ ಓದಿದರು, ಪಾಠ ಮಾಡಿದ ಅಭ್ಯಾಸ. ಭೂವಿಜ್ಞಾನದವನು ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡಕ್ಕೆ ತರಲು ಕನ್ನಡ ವಿಭಾಗದವನ ಜೊತೆ ಬಹಳ ದಿನ ಕುಳಿತಿದ್ದ. ಆ ಕೆಲಸದಲ್ಲಿ ತನಗೇ ಅರ್ಥವಾಗದ ಎರಡು ಪ್ಯಾರಾ ಸಿಕ್ಕವು ಎಂದ. ಅವನ್ನು ಥೀಸಿಸ್‌ನಿಂದಲೂ ತೆಗೆದ.

ಓದು ಮುಗಿದ ಮೇಲೆ ಲೈನಿನ ಒಬ್ಬ ಹೆಂಗಸು ಎದ್ದು ನಿಂತು ಕೇಳಿದರು. "ನಮ್ಮನ್ನು ಈಗ ಇಟ್ಟಿರುವ ಹೊಸ ಲೈನ್ ಜಾಗ ಸರಿ ಇದೆಯಾ? ಅದರ ಹಿಂದೆಯೂ ಬರೆ ಇದೆ."

ಐದು ಪ್ರಬಂಧಗಳಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಎಲ್ಲರೂ ಬಿದ್ದ ಬರೆಯನ್ನು ನೋಡಿದ್ದರು. ಜಮೀನಿದ್ದವರಲ್ಲಿ ಕೆಲವರು ಸರ್ಕಾರ ಕಟ್ಟಿಸಿದ ಮನೆಗಳಿಗೆ ಹೋಗಿದ್ದರು, ಕರ್ಣಂಗೇರಿ, ಮದೆನಾಡು, ಜಂಬೂರಿನಂಥ ಕಡೆ. ಕೆಲಸದವರಲ್ಲಿ ಉಳಿದವರು ಅದೇ ತೋಟದ ಇನ್ನೊಂದು ಮಗ್ಗುಲಿಗೆ ಹೋಗಿದ್ದರು. ಮರುದಿನವೇ ಭೂವಿಜ್ಞಾನದವನೂ ಸಮಾಜಶಾಸ್ತ್ರದವಳೂ ಅಲ್ಲಿಗೆ ಹೋದರು. ಹೊಸ ಲೈನ್ ಇರುವುದು ನೇರವಾಗಿ ಕಡಿದ ಬರೆಯ ಬುಡದಲ್ಲಿ. ಮೇಲೆ ಹೆಚ್ಚಿನದು ಸಿಲ್ವರ್ ಓಕ್. ಅಳತೆ ತೆಗೆದು ಐವರೂ ಸೇರಿ ಎರಡು ಪುಟದ ಟಿಪ್ಪಣಿ ಬರೆದು ಮಾಲೀಕರಿಗೂ ಪಂಚಾಯಿತಿಗೂ ಕೊಟ್ಟರು. ಮೊದಲ ಹೆಸರು ಸಮಾಜಶಾಸ್ತ್ರದವಳದು.

ಮಾಲೀಕರು ಬರೆಯ ಮೇಲ್ಭಾಗದಲ್ಲಿ ನೀರು ಪಕ್ಕಕ್ಕೆ ಹೋಗುವಂತೆ ಚರಂಡಿ ತೆಗೆಸಿದ್ದಾರೆ. ಲೈನನ್ನು ಬೇರೆ ಕಡೆ ಕಟ್ಟಲು ಇನ್ನೂ ಒಪ್ಪಿಲ್ಲ, ಮಾತು ನಡೆಯುತ್ತಿದೆ. ಲೈನಿನ ಹತ್ತಿರವೇ ದೊಡ್ಡ ಬಾಟಲಿಯ ಒಂದು ಮಳೆ ಮಾಪಕ ಇಟ್ಟಿದ್ದಾರೆ. ಅಳೆಯುವವರೂ ಬರೆಯುವವರೂ ಅಲ್ಲಿನ ಹೆಂಗಸರೇ. ಎಷ್ಟು ದಿನದಲ್ಲಿ ಎಷ್ಟು ಇಂಚು ದಾಟಿದರೆ ಮಕ್ಕಳನ್ನು ಕರೆದುಕೊಂಡು ಶಾಲೆಗೆ ಹೋಗಿಬಿಡಬೇಕು ಎಂದು ಅವರು ಕೇಳಿದ್ದಾರೆ. ಒಂದು ತೋಟದ ದಾಖಲೆಯಿಂದ ಆ ಅಂಕಿ ಹೇಳುವುದು ಸರಿಯಲ್ಲ ಎಂದು ಭೂವಿಜ್ಞಾನದವನು ಸುತ್ತಲಿನ ತೋಟಗಳ ಮಳೆ ಪುಸ್ತಕಗಳನ್ನೂ ಸೇರಿಸುತ್ತಿದ್ದಾನೆ. ಪುಸ್ತಕ ಕೊಡಿಸುವುದು ಅರಣ್ಯದವಳ ಕೆಲಸ. ಪ್ರತಿ ತೋಟದಲ್ಲೂ ಅಳೆದವರು ಯಾರು ಎಂದು ಹುಡುಕಿ ಮಾತಾಡಿಸುವುದು ಸಮಾಜಶಾಸ್ತ್ರದವಳ ಕೆಲಸ. ಮುಂದಿನ ಮೇ ಓದಿನ ಹೊತ್ತಿಗೆ ಅಂಕಿ ಹೇಳುತ್ತೇವೆ ಎಂದು ಊರಿನವರಿಗೆ ಮಾತು ಕೊಟ್ಟಿದ್ದಾರೆ. ಅಲ್ಲಿಯವರೆಗೆ, ಮಾಪಕದ ಬಾಟಲಿ ಒಂದು ರಾತ್ರಿಯಲ್ಲಿ ಅರ್ಧ ತುಂಬಿದರೂ ಕಾಯದೆ ಹೊರಡಿ ಎಂದು ಹೇಳಿದ್ದಾರೆ.